ಸೂರಿನ ಸಂದಿಯಲ್ಲಿದ್ದ ತಂತಿ

ಎಂಬತ್ತರ ದಶಕದಲ್ಲಿ ತರೀಕೆರೆಯ ಹೈಸ್ಕೂಲೊಂದರಲ್ಲಿ ನಾನು ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ಉಳಿದೆಲ್ಲವನ್ನೂ ಗಂಟಲು ಹರಿದುಕೊಂಡು ಹೇಳಿಕೊಡುತ್ತಿದ್ದವಳು ‘ಕುಡ್ ಹ್ಯಾವ್’ ಬಂದಾಗ ಮಾತ್ರ ಬೇಗ ಬೇಗ ಮುಗಿಸಿಬಿಡುತ್ತಿದ್ದೆ. ಮಾಡುವ ಶಕ್ತಿ ಇತ್ತು, ಮಾಡಲಿಲ್ಲ. ಅದಕ್ಕೆ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ, ಬರೆದುಕೊಳ್ಳಿ, ಅಷ್ಟೇ. ಯಾರಾದರೂ ಉದಾಹರಣೆ ಕೇಳಿದರೆ ರೇಗುತ್ತಿದ್ದೆ. ನನ್ನ ಹತ್ತಿರ ಇದ್ದದ್ದು ಒಂದೇ ಉದಾಹರಣೆ.

ಎಪ್ಪತ್ತರ ದಶಕದಲ್ಲಿ, ಯಗಟಿಯ ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಒಂಬತ್ತನೇ ಕ್ಲಾಸಿನ ನಾನೊಬ್ಬಳೇ. ಜಂಬ ಕೇಳಬೇಡಿ, ಗೊಬ್ಬರದ ಚೀಲದ ಮೇಲಿನ ಬರಹವನ್ನೂ ಕೇರಿಗೆಲ್ಲ ಕೇಳುವಂತೆ ಓದುತ್ತಿದ್ದೆ. ಒಂದು ಮಧ್ಯಾಹ್ನ ಅಂಚೆಯವನು ಅಜ್ಜಂಪುರದಿಂದ ಅವ್ವನಿಗೆ ಬಂದ ತಂತಿ ತಂದುಕೊಟ್ಟ. ಅಲ್ಲಿ ಅವ್ವನ ಅಪ್ಪ, ನನ್ನ ತಾತ, ಒಂದು ತಿಂಗಳಿಂದ ಹಾಸಿಗೆ ಹಿಡಿದಿದ್ದರು. ತಂತಿ ಬಂತೆಂದರೆ ಸಾವೇ, ಒಡೆದು ನೋಡುವುದೇನಿದೆ ಅನ್ನುವ ಕಾಲ ಅದು. ಅವ್ವ ಅಂಗಳದಲ್ಲೇ ಕುಸಿದಳು. ಸಾವಿನ ಕಾಗದ ಹೊಸಿಲು ದಾಟಬಾರದೆಂದು ನನ್ನ ಅಜ್ಜಿ, ಅಪ್ಪನ ತಾಯಿ, ಅದನ್ನು ಸೂರಿನ ಹೆಂಚಿನ ಸಂದಿಗೆ ಸಿಕ್ಕಿಸಿದಳು. ಹೆಂಗಸರು ಸೇರಿ ಅವ್ವನ ತಲೆಗೆ ಸೂತಕದ ನೀರು ಹೊಯ್ದರು. ತಂತಿ ಮುಟ್ಟುವ ಹೊತ್ತಿಗೆ ಮಣ್ಣು ಆಗಿಹೋಗಿರುತ್ತದೆ, ಬೆಳಿಗ್ಗೆ ಹೋದರಾಯಿತು ಎಂದರು ಅಪ್ಪ.

“ಅಜ್ಜಿ, ಓದ್ಲಾ?” ಅಂದೆ, ಒಂದೇ ಸಲ.

“ಓದೋಕೇನೈತೆ ಅದ್ರಾಗೆ? ಸುಮ್ಕೆ ಕೂತ್ಕಳೇ.”

ಸುಮ್ಮನೆ ಕೂತೆ. ಸೂರು ನನ್ನ ಕೈಗೆಟುಕುತ್ತಿತ್ತು. ಅಜ್ಜಿಗೆ ಹೆದರಿ ಸುಮ್ಮನಾದೆನೆಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಸುಳ್ಳು. ಸಾವಿನ ಕಾಗದ ಮುಟ್ಟಲು ನನಗೇ ಹೆದರಿಕೆ. ಅಜ್ಜಂಪುರಕ್ಕೆ ಹೋಗಲು ನಾವು ಹತ್ತಬೇಕಿದ್ದ ಕಡೂರಿನ ಸಂಜೆ ಬಸ್ಸು ನಮ್ಮ ಮನೆ ಮುಂದೆಯೇ ಹಾದುಹೋಯಿತು.

ಬೆಳಿಗ್ಗೆ ಹೊರಡುವಾಗ ಅದನ್ನು ಹರಿದು ಹಾಕೆಂದು ಅಜ್ಜಿಯೇ ತೆಗೆದುಕೊಟ್ಟಳು. ಹರಿಯುವ ಮುಂಚೆ ಬಿಚ್ಚಿದೆ. ಇಂಗ್ಲಿಷಿನಲ್ಲಿ ನಾಲ್ಕೇ ಮಾತು: ತಂದೆಗೆ ಸೀರಿಯಸ್, ಕೂಡಲೇ ಹೊರಡಿ. ತಾತ ಸತ್ತಿಲ್ಲವೆಂದು ಅವ್ವನ ರಟ್ಟೆ ಹಿಡಿದು ಅಲುಗಿಸಿದೆ. ಅಜ್ಜಂಪುರ ಬರುವವರೆಗೂ ಅವ್ವ ಬಸ್ಸಿನ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ. ತಲೆಗೆ ಎಣ್ಣೆ ಹಚ್ಚದೆ ಬಂದೆನಲ್ಲ, ನಿಮ್ಮ ತಾತ ಬಯ್ಯುತ್ತಾರೆ ಎಂದು ಒಮ್ಮೆ ನಕ್ಕಳು ಕೂಡ.

ತಾತನನ್ನು ಜಗಲಿಯ ಮೇಲೆ ಕೂರಿಸಿ ಹೂ ಹಾಕಿದ್ದರು. ಆವತ್ತೇ ಬೆಳಗಿನ ಜಾವ ಜೀವ ಹೋಗಿತ್ತಂತೆ.

“ನಿನ್ನೆ ಸಂಜೆ ಗಂಟ ಚೆನ್ನಾಗಿ ಮಾತಾಡ್ತಿದ್ರು ಕಣಕ್ಕ,” ಅಂದ ಸೋದರಮಾವ. “ಮಗಳು ಬಂದ್ಲಾ, ಬಂದ್ಲಾ ಅಂತ ಕೇಳ್ತಾನೇ ಇದ್ರು.”

ಅವ್ವ ಆವತ್ತು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹತ್ತು ವರ್ಷದ ಮೇಲೆ ಮೇಷ್ಟ್ರ ಕೆಲಸದ ಆರ್ಡರು ಬಂತು, ಇಂಗ್ಲಿಷಿನಲ್ಲಿ. ಓದು ಅಂದಳು ಅವ್ವ. ಹಾಗೇ ಗಡಗಡ ಓದಿದೆ. ಅರ್ಥವಾಗದಿದ್ದರೂ ಕೊನೆಯವರೆಗೂ ಕೇಳಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಅವತ್ತೂ ನಿಂಗೆ ಓದೋಕೆ ಬತ್ತಿತ್ತಲ್ವೇನೇ?”

“ಬತ್ತಿತ್ತು ಕಣವ್ವ,” ಅಂದೆ.