ಅರ್ಧ ಹೆಬ್ಬೆರಳಿನ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳು ಅರ್ಧವೇ ಇತ್ತು. ಚಿಕ್ಕಂದಿನಲ್ಲಿ ಆಲೆಮನೆಯ ಗಾಣಕ್ಕೆ ಕಬ್ಬು ಕೊಡುವಾಗ ಉಳಿದರ್ಧ ಹೋಗಿತ್ತಂತೆ. ಆ ಮೋಟು ಬೆರಳಿಗೂ ತೋರುಬೆರಳಿಗೂ ನಡುವೆ ಹೆಂಗಸರ ಕಾಂಡೋಮಿನ ಒಳಗಿನ ರಿಂಗನ್ನು ಒತ್ತಿ ಹಿಡಿದು, ಹೇಗೆ ಹಾಕಿಕೊಳ್ಳಬೇಕೆಂದು ಹೇಳಿಕೊಡುತ್ತಿದ್ದರು.

"ಒಂಬತ್ತೂವರೆ ಬೆರಳಿರೋ ನನ್ ಕೈಲೇ ಆಯ್ತದೆ. ಹತ್ತಿರೋ ನಿಮ್ಗೇನ್ ಬಂದದೆ ರೋಗ?" ಎನ್ನುವರು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಗುವರು.

ಇದನ್ನು ನಾನು ಕಿಟಕಿಯಿಂದ ಕದ್ದು ನೋಡಿದ್ದು. ಭಾರತೀನಗರದ ಹತ್ತಿರದ ನಮ್ಮೂರಿನಲ್ಲಿ ನಾನು ಹಾಲಿನ ಡೈರಿಯ ಸೆಕ್ರೆಟರಿಯಾಗಿದ್ದೆ. ಸಂಜೆ ಹಾಲು ಹಾಕಿದ ಮೇಲೆ ಹೆಂಗಸರು ಡೈರಿಯ ಹಿಂದಿನ ಸಂಘದ ಕೋಣೆಯಲ್ಲಿ ಸೇರುತ್ತಿದ್ದರು. ಆರೋಗ್ಯ ಕಾರ್ಯಕರ್ತೆಯಾಗಿದ್ದ ಅಕ್ಕ ಮದ್ದೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ಸಂಜೆ ಮೈ ಉರಿದು ಒಳಗೆ ನುಗ್ಗಿದೆ.

"ಮಾನಸ್ತರ ಊರು ಕಣಮ್ಮಿ ಇದು. ಈ ಹಲ್ಕಾ ಇದ್ಯೆ ಕಲ್ಸೋಕೆ ಬ್ಯಾರೆ ಜಾಗ ಸಿಗ್ನಿಲ್ವಾ?"

"ಮಾನಸ್ತರು ಯಾರು ಅಂತ ಕಾಯ್ಲೆಗೆ ಗೊತ್ತಾಗಕಿಲ್ಲ, ಸೆಕ್ರೆಟ್ರಣ್ಣ."

"ಗಂಡ ಇರೋರ್ಗೆ ಇದ್ಯಾಕೆ?"

"ಗಂಡ ಇರೋರ್ಗೇ ಬೇಕು. ಅವ್ನು ಹಾಕ್ಕಳಕಿಲ್ಲ ಅಂದ್ರೆ ಇವ್ಳು ಏನ್ ಮಾಡ್ಬೇಕು, ನೀನೇ ಯೋಳು."

ಮರುದಿನ ನನ್ನ ಅಧಿಕಾರ ತೋರಿಸಿದೆ. ಆ ಸಭೆಗೆ ಹೋಗಿದ್ದವರ ಹಾಲನ್ನು ಪರೀಕ್ಷೆ ಮಾಡದೆಯೇ "ನೀರು ಬೆರೆಸಿದ್ದೀರಿ" ಎಂದು ಎಲ್ಲರೆದುರು ವಾಪಸು ಕಳಿಸಿದೆ. ಮೂರು ದಿನ ಹೀಗೆ ಮಾಡಿದೆ. ಮುಂದಿನ ಸಭೆಗೆ ಒಬ್ಬಳೂ ಬರಲಿಲ್ಲ. ಅಕ್ಕ ಚಾಪೆ ಹಾಸಿಕೊಂಡು, ಬಸ್ಸಿನ ಹೊತ್ತಾಗುವವರೆಗೆ ಒಬ್ಬರೇ ಕೂತಿದ್ದರು. "ಏನಕ್ಕಾ, ಬೋಣಿ ಆಗ್ನಿಲ್ವಾ?" ಎಂದು ಜಗಲಿಯ ಗಂಡಸರು ಕಿಚಾಯಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಆ ವಾರವೇ ನನ್ನ ಮಗಳ ಚೀಲದಲ್ಲಿ ಅಕ್ಕ ಹಂಚುತ್ತಿದ್ದ ಕಾಂಡೋಮಿನ ಎರಡು ಪೊಟ್ಟಣ ಸಿಕ್ಕಿದವು. ಅವಳನ್ನು ಮಳವಳ್ಳಿ ಕಡೆಗೆ ಕೊಟ್ಟಿದ್ದೆವು. ಅಳಿಯ ಲಾರಿ ಓಡಿಸುತ್ತಿದ್ದ. ತವರಿಗೆ ಬಂದಿದ್ದವಳು ಗಂಡನ ಮನೆಗೆ ಹೊರಟಿದ್ದಳು.

"ಅವ್ರ ನಡತೆ ಸರಿಯಿಲ್ಲ ಕಣಪ್ಪ. ನಂಗೆ ಭಯ ಆಯ್ತದೆ" ಎಂದಳು.

ಅವಳ ಕಣ್ಣೆದುರೇ ಎರಡನ್ನೂ ಕತ್ತರಿಸಿ ತಿಪ್ಪೆಗೆ ಎಸೆದೆ. ಕೈಹಿಡಿದು ಎಳೆದುಕೊಂಡು ಹೋಗಿ ಬಸ್ಸು ಹತ್ತಿಸಿದೆ.

ಮರುವರ್ಷ ಅವಳು ಬಸುರಿಯಾದಾಗ ಮಾಡಿದ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಇರುವುದು ಗೊತ್ತಾಯಿತು. ಲಾರಿ ಹತ್ತಿ ಹೋದ ಅಳಿಯ ತಿರುಗಿ ಬರಲಿಲ್ಲ; ಮಗಳು ತವರಿಗೇ ಬಂದಳು. ಮಗಳನ್ನು ತಿಂಗಳು ತಿಂಗಳೂ ಮಂಡ್ಯದ ಆಸ್ಪತ್ರೆಗೆ ಕರೆದೊಯ್ದವರು ಅದೇ ಅಕ್ಕ. ಒಂದು ಹೊತ್ತಿನ ಮಾತ್ರೆಯೂ ತಪ್ಪಲು ಬಿಡಲಿಲ್ಲ. ಮಗುವಿಗೆ ಸೋಂಕು ತಗುಲಲಿಲ್ಲ. ಆ ಮೊಮ್ಮಗಳು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ಅಕ್ಕ ಮಾತ್ರ ನಮ್ಮ ಮನೆಗೆ ಎಷ್ಟು ಸಲ ಬಂದರೂ ನನ್ನ ಮುಖ ನೋಡುತ್ತಿರಲಿಲ್ಲ. ನಾನು ಕೊಟ್ಟ ಕಾಫಿ ಹಾಗೇ ಆರುತ್ತಿತ್ತು.

ಒಮ್ಮೆ ಅಂಗಳದಲ್ಲಿ ಕೈಮುಗಿದು, "ತಪ್ಪಾಯ್ತು ಕಣವ್ವ" ಎಂದೆ.

"ನಂಗ್ಯಾಕೆ ಯೋಳ್ತೀಯ? ಊರೆಲ್ಲ ಕ್ಯಾನ್ ಹಿಡ್ಕಂಡು ನಿಂತಿರ್ತದಲ್ಲ, ಅವಾಗ ಯೋಳು. ಆ ಹೆಂಗಸ್ರ ಹಾಲಲ್ಲಿ ನೀರಿರ್ನಿಲ್ಲ ಅಂತ ಯೋಳು. ಯಾಕೆ ವಾಪಸ್ ಕಳಿಸ್ದೆ ಅಂತ್ಲೂವೆ ಯೋಳು."

ನಾನು ಹೇಳಲಿಲ್ಲ. ಬೆಳಗ್ಗೆ ಸಾಲು ಕಂಡರೆ ತಲೆ ತಗ್ಗಿಸಿ ಹಾಲಿನ ಲೆಕ್ಕ ಬರೆಯುತ್ತಿದ್ದೆ. ಮಗಳ ಮಾನ ಹೋಗುತ್ತದೆಂದು ನೆಪ ಹೇಳಿಕೊಂಡೆ. ನಾನು ಕಾಯುತ್ತಿದ್ದುದು ನನ್ನ ಮಾನವನ್ನು. ಹಾಗೆಯೇ ಕೆಲಸದಿಂದ ನಿವೃತ್ತನಾದೆ.

ಕಳೆದ ವರ್ಷ ಅಕ್ಕ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಎದೆಯ ಮೇಲೆ ಜೋಡಿಸಿಟ್ಟ ಕೈಗಳಲ್ಲಿ ಆ ಮೋಟು ಬೆರಳು ಕಾಣುತ್ತಿತ್ತು. ಅಲ್ಲಿಯೂ ಗುಂಪಿನ ಹಿಂದೆಯೇ ನಿಂತೆ.

ಇದನ್ನು ಬರೆಯಲೇ ಎಂದು ಇವತ್ತು ಮಗಳನ್ನು ಕೇಳಿದೆ.

"ನನ್ ಕಾಯ್ಲೆ ಇಸ್ಯ ಬರ್ಕೋ, ನಂಗೇನ್ ನಾಚ್ಕೆ ಇಲ್ಲ" ಎಂದಳು. "ಆದ್ರೆ ಬರ್ದು ಮನೇಲೇ ಮಡಿಕ್ಕಬ್ಯಾಡ. ನಾಳೆ ಹಾಲ್ ಹಾಕಕ್ಕೆ ಓಯ್ತೀನಲ್ಲ, ಜೊತೇಲಿ ಬಾ. ಅಲ್ಲಿ ಓದು."

ಕ್ಯಾನು ತೊಳೆದು ಬಾಗಿಲಲ್ಲಿ ಇಟ್ಟಿದ್ದಾಳೆ.