ಕಾಲು ಜಗ್ಗುವ ಮಾತು

ಅದು ಕ್ಯಾಂಟೀನಿನಲ್ಲೇ ನಡೆದದ್ದು ಎನ್ನುವುದು ಕೂಡ ಖಾತ್ರಿಯಿಲ್ಲ. ಒಮ್ಮೆ ಅಪ್ಪ ಬಸ್ ಸ್ಟಾಪ್ ಎಂದಿದ್ದರು. ನಾನಂತೂ ಅಲ್ಲಿರಲಿಲ್ಲ. ಆದರೂ ನನಗೆ ಸ್ಟೀಲ್ ಲೋಟಗಳ ಸದ್ದು ಕೇಳಿಸುತ್ತದೆ. ಅದನ್ನು ನಾನೇ ಸೇರಿಸಿರಬೇಕು.

ಅಪ್ಪ ಹೇಳುವಾಗ ಪ್ರತಿ ಸಲವೂ ಬದಲಾಗದೆ ಬರುವುದು ಒಂದೇ ವಾಕ್ಯ. ಬಾಲಾನಗರದ ಕಾರ್ಖಾನೆಯಲ್ಲಿ ಅಪ್ಪನ ಪಕ್ಕದ ಲೇತ್‌ನಲ್ಲಿದ್ದ ಕೇರಳದ ಗೆಳೆಯರೊಬ್ಬರು, ಅಪ್ಪನೂ ಕಾಯುತ್ತಿದ್ದ ಫೋರ್‌ಮನ್ ಹುದ್ದೆ ತಮಗೇ ಆಯಿತೆಂದು ಗಂಭೀರವಾಗಿ ಹೇಳಿ, ಅಪ್ಪನ ಮುಖ ನೋಡಿ ನಕ್ಕು, 'ಐ ಆಮ್ ಪುಲ್ಲಿಂಗ್ ಯುವರ್ ಲೆಗ್' ಎಂದರಂತೆ. ಇಂಗ್ಲಿಷಿನಲ್ಲಿ ಅದು ಬರೀ ತಮಾಷೆ. ಈಗ ನಮ್ಮ ಪತ್ರಿಕೆಗಳೂ ಗೇಲಿಗೆ ಕಾಲೆಳೆಯುವುದು ಎನ್ನುತ್ತವೆ. ಅಪ್ಪನ ಕನ್ನಡದಲ್ಲಿ ಕಾಲು ಜಗ್ಗುವುದೆಂದರೆ ಮೇಲೆ ಹತ್ತುವವನನ್ನು ಕೆಳಗೆ ಕೆಡವುವುದು. ಸ್ವಲ್ಪ ದಿನದಲ್ಲೇ ಹುದ್ದೆ ನಿಜವಾಗಿಯೂ ಆ ಗೆಳೆಯರಿಗೇ ಸಿಕ್ಕಿತು. ಅಪ್ಪ ಅವರೊಂದಿಗೆ ಮಾತು ಬಿಟ್ಟರು.

ಇಬ್ಬರೂ ನಿವೃತ್ತರಾಗಿದ್ದಾರೆ. ಆ ಗೆಳೆಯರು ಈಗ ಕೂಕಟ್‌ಪಲ್ಲಿಯಲ್ಲಿ, ನಮ್ಮ ಮನೆಯ ಹಿಂದಿನ ಬೀದಿಯಲ್ಲೇ ಇದ್ದಾರೆ. ಹೃದಯದ ಕಾಯಿಲೆ, ಮನೆ ಬಿಟ್ಟು ಹೊರಡುವಂತಿಲ್ಲ. ಅಪ್ಪನನ್ನೊಮ್ಮೆ ಕರೆದುಕೊಂಡು ಬಾ ಎಂದು ನನಗೆ ಫೋನ್ ಮಾಡಿದರು.

'ಅಪ್ಪಾ, ಇಂಗ್ಲಿಷಿನ್ಯಾಗ ಅದು ಚಾಷ್ಟಿ ಅಷ್ಟ,' ಎಂದೆ.

'ಹಂಗಂತ ನೀ ಅಂತಿ. ಬರೇ ನಗಸಾಕ ಯಾರರ ಕಾಲು ಜಗ್ಗತಾರೇನು? ಆ ಮಾತು ಎಲ್ಲಿ ಹುಟ್ಟೇತಿ, ಅದನ್ನ ಹೇಳು.'

ಹುಡುಕಿದೆ. ಲಂಡನ್ನಿನ ಗಲ್ಲಿಗಳಲ್ಲಿ ಕಳ್ಳರು ದಾರಿಹೋಕರನ್ನು ಕಾಲು ಜಗ್ಗಿ ಕೆಡವಿ ದೋಚುತ್ತಿದ್ದರು ಎಂದಿತ್ತು ಒಂದು ಕಡೆ. ನೇಣಿನಲ್ಲಿ ಒದ್ದಾಡುವವನ ಪ್ರಾಣ ಬೇಗ ಹೋಗಲೆಂದು ನಂಟರು ಕಾಲು ಜಗ್ಗುತ್ತಿದ್ದರು ಎಂದಿತ್ತು ಇನ್ನೊಂದು ಕಡೆ. ಎರಡಕ್ಕೂ ಪುರಾವೆಯಿಲ್ಲ. ಬುದ್ಧಿಗೇಡಿಯ ಹಾಗೆ ಎರಡನ್ನೂ ಓದಿ ಹೇಳಿದೆ.

'ನೋಡು, ಕೆಡವಿ ದೋಚೂದು. ನಾ ಇಷ್ಟು ವರ್ಷ ಹೇಳಿದ್ದು ಮತ್ತೇನು?'

'ಪುರಾವೆ ಇಲ್ಲ ಅಂತನೂ ಐತಲ್ಲಪಾ.'

'ಕಳ್ಳರು ಪುರಾವೆ ಬಿಟ್ಟು ಹೋಗತಾರೇನು?'

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ನಿಘಂಟು ತೋರಿಸಿದೆ, ಅರ್ಥ ಓದಿದೆ, ರೇಗಿದೆ. ಅಪ್ಪ ಟಿವಿಯ ಸದ್ದು ಏರಿಸಿದರು.

ಕೊನೆಗೆ ನಾನೊಬ್ಬನೇ ಹೋದೆ. ಗೆಳೆಯರು ಚಹಾ ತರಿಸಿದರು, ಅಪ್ಪ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾರೇನೋ ಎಂಬಂತೆ ಬಾಗಿಲ ಕಡೆ ನೋಡಿದರು. ಆ ಮಾತಾಡಿದಾಗ ಹುದ್ದೆ ತಮಗೇ ಎಂದು ಮೊದಲೇ ಗೊತ್ತಿತ್ತೇ ಎಂದು ಕೇಳಿದೆ. ಅವರು ಲೋಟ ಕೆಳಗಿಟ್ಟು, 'ಮೈನೆ ಐಸಾ ಬೋಲಾ ಥಾ?' ಎಂದು, ತಾವು ಹಾಗೆ ಅಂದಿದ್ದುಂಟೇ ಎಂದು ನನ್ನನ್ನೇ ಕೇಳಿದರು.

ಅವರು ನಿಜವಾಗಿಯೂ ಮರೆತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.