ಕಾರಣ ಕೇಳಲು ಹೋದ ಸತೀಶ

ಬಿಳಗಿಯ ಸತೀಶನಿಗೆ ಹೆಣ್ಣು ಕೊಡುವುದಿಲ್ಲ ಅಂತ ಇವತ್ತಿನವರೆಗೆ ಯಾರೂ ಬಾಯಿ ಬಿಟ್ಟು ಹೇಳಿದ್ದಿಲ್ಲ. ಹಾಗಂತ ಯಾರೂ ಕೊಟ್ಟಿದ್ದೂ ಇಲ್ಲ. ನಮ್ಮ ಕಡೆಯ ಮರ್ಯಾದೆಯೇ ಅಂಥದ್ದು. ಹೆಣ್ಣು ನೋಡಲು ಬಂದವರಿಗೆ ಅವಲಕ್ಕಿ, ಬಾಳೆಹಣ್ಣು, ಚಾ ಎಲ್ಲ ಕೊಟ್ಟು, ಅಂಗಳದ ಬೇಲಿಯ ದಣಪೆಯವರೆಗೆ ಜೊತೆಗೆ ಬಂದು, "ತಿಳಿಸ್ತೇವೆ" ಅಂತ ನಗುನಗುತ್ತ ಕೈ ಮುಗಿಯುತ್ತಾರೆ. ಆಮೇಲೆ ಫೋನು ಬಂದರೆ ಒಪ್ಪಿಗೆ, ಬಾರದಿದ್ದರೆ ಇಲ್ಲ. ಬಾರದ ಫೋನಿಗೆ ಎಷ್ಟು ದಿನ ಕಾಯಬೇಕು ಅನ್ನುವುದನ್ನು ಮಾತ್ರ ಯಾವ ಹಿರಿಯರೂ ಹೇಳಿಕೊಡುವುದಿಲ್ಲ. ಸತೀಶ ಹೀಗೆ ಕಾದ ಮನೆಗಳ ಲೆಕ್ಕ ಅವನಿಗೇ ತಪ್ಪಿಹೋಗಿತ್ತು.

ಆಳು ಕೆಟ್ಟವನಲ್ಲ. ಸಿದ್ದಾಪುರ ಪೇಟೆಯಲ್ಲಿ ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ, ಪಂಪ್‌ಸೆಟ್ ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟಿದ್ದಾನೆ. ಊರಲ್ಲಿ ಗದ್ದೆ ಇದೆ, ಮನೆ ಇದೆ, ಅವ್ವ ಮಂಜಿ ಇದ್ದಾಳೆ. ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವ ಒಂದೇ ಒಂದು ತೊಂದರೆಯೆಂದರೆ ಮಾತು. ಮೋಟಾರು ಬಿಚ್ಚಿ ಕೂತಾಗ ಅದರ ಹತ್ತಿರ "ಎಂತಾತು ನಿಂಗೆ, ಬಿಸಿಯಾಯ್ತಾ?" ಅಂತ ತಾಸುಗಟ್ಟಲೆ ಮಾತಾಡುವ ಪ್ರಾಣಿ, ಮೋಟಾರು ತಂದ ಗಿರಾಕಿ ಹತ್ತಿರ ಹೂಂ, ಊಹೂಂ ಬಿಟ್ಟು ಮೂರನೆಯದು ಆಡುವುದಿಲ್ಲ.

ಫೋನು ಬಾರದಿರಲು ಕಾರಣವೇನು ಅಂತ ಅವನೇ ಒಂದೊಂದಾಗಿ ಹುಡುಕಿಕೊಂಡಿದ್ದ. ಮೊದಲು ಬಣ್ಣ ಕಪ್ಪು ಅಂತ ತಿಳಿದು ಕ್ರೀಮು ತಂದ. ಆಮೇಲೆ ನೆತ್ತಿಯ ಕೂದಲು ಅಂತ ಎಣ್ಣೆ ತಂದ. ಮೋಟಾರಿನ ತಂತಿಗೆ ಹಚ್ಚಿ ಹಚ್ಚಿ ಕೈಗೆ ಅಂಟಿದ ವಾರ್ನಿಷ್ ವಾಸನೆ ಇರಬಹುದು ಅಂತ ಹೆಣ್ಣು ನೋಡಲು ಹೋಗುವ ಹಿಂದಿನ ದಿನ ಅಂಗಡಿಗೇ ಹೋಗದೆ ಕೂತ. ಸರ್ಕಾರಿ ನೌಕರಿ ಇಲ್ಲದ್ದಕ್ಕೆ ಮಾತ್ರ ಯಾವ ಎಣ್ಣೆಯೂ ಸಿಗಲಿಲ್ಲ. ಮನುಷ್ಯ ತನ್ನನ್ನು ತಾನೇ ಹೀಗೆ ಬಿಚ್ಚಿ ಬಿಚ್ಚಿ ನೋಡುತ್ತ ಕೂತರೆ ಕೊನೆಗೆ ಒಂದು ನಟ್ಟೂ ಸರಿಯಿಲ್ಲ ಅನ್ನಿಸಲು ಶುರುವಾಗುತ್ತದೆ. ಸತೀಶನಿಗೆ ಹಾಗೇ ಆಗಿತ್ತು.

ಇಂಥ ಹೊತ್ತಿನಲ್ಲಿ ಅವರ ಮನೆಯ ಟಿವಿಯಲ್ಲಿ ಆ ಕಾರ್ಯಕ್ರಮ ಶುರುವಾಯಿತು. ಹೆಸರು 'ಒಂದೇ ಮನೆ, ಹನ್ನೆರಡು ಮನಸ್ಸು'. ಮದುವೆಯಾಗದ ಆರು ಹುಡುಗರು, ಆರು ಹುಡುಗಿಯರು ಸಮುದ್ರದ ಬದಿಯ ಒಂದು ಬಂಗಲೆಯಲ್ಲಿ ಒಟ್ಟಿಗಿರುತ್ತಾರೆ. ಅಡುಗೆ ಮಾಡುತ್ತಾರೆ, ಈಜುತ್ತಾರೆ, ಒಬ್ಬರ ಮೇಲೊಬ್ಬರು ಮನಸ್ಸು ಮಾಡುತ್ತಾರೆ, ಮುನಿಸಿಕೊಳ್ಳುತ್ತಾರೆ. ಮಂಜಿ ಮೊದಲ ದಿನ ನೋಡಿ, "ಇವ್ರಿಗೆ ಅಪ್ಪ ಅವ್ವ ಇಲ್ಲನಾ? ಮಾನ ಬಿಟ್ಟವು!" ಅಂತ ಬೈದಳು. ಎರಡನೆಯ ದಿನವೂ ಬೈದಳು. ಮೂರನೆಯ ದಿನ ಬೈಯಲು ಸರಿಯಾಗಿ ಕಾಣಲಿ ಅಂತ ಕನ್ನಡಕ ಹಾಕಿಕೊಂಡು ಕೂತಳು. ಆಮೇಲೆ ಯಾವ ಹುಡುಗಿಗೆ ಯಾವ ಹುಡುಗ ತಕ್ಕವನು ಅಂತ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುವಾಗಲೂ ಯೋಚಿಸತೊಡಗಿದಳು.

ಸತೀಶನಿಗೆ ಹಿಡಿದದ್ದು ಬೇರೆ. ಪಕ್ಕದ ಅಂಗಡಿಯ ಭರತ್ "ಹುಡ್ಗೀರು ಈಜೂದು ನೋಡ್ಲಿಕ್ಕೆ ಇಂವ ಆರಕ್ಕೇ ಬಾಗ್ಲು ಹಾಕ್ತಾ" ಅಂತ ಪೇಟೆಯೆಲ್ಲ ಹೇಳಿಕೊಂಡು ತಿರುಗಿದ. ನಿಜವೆಂದರೆ ಅವರು ಈಜುವಾಗ ಸತೀಶ ಕಾಲು ತೊಳೆಯಲು ಎದ್ದು ಹೋಗುತ್ತಿದ್ದ. ಅವನು ಕಾಯುತ್ತಿದ್ದದ್ದು ವಾರದ ಕೊನೆಗೆ ಬರುವ ಕುರ್ಚಿಗೆ. ಆ ಆಟದಲ್ಲಿ ಒಂದು ಕಟ್ಟಳೆ ಇತ್ತು. ಹುಡುಗಿಗೆ ಒಬ್ಬ ಹುಡುಗ ಬೇಡ ಅನ್ನಿಸಿದರೆ ಸುಮ್ಮನೆ ಮುಖ ತಿರುಗಿಸುವಂತಿಲ್ಲ. ಅವನೆದುರು ಕುರ್ಚಿ ಹಾಕಿ ಕೂತು, ಯಾಕೆ ಬೇಡ ಅಂತ ಅವನ ಮುಖ ನೋಡಿಕೊಂಡೇ ಹೇಳಬೇಕು. ಹುಡುಗರಿಗೂ ಅದೇ ನಿಯಮ.

ಒಂದು ವಾರ ಒಬ್ಬ ಹುಡುಗಿ, "ನಾನು ಶುರು ಮಾಡಿದ ಒಂದು ಮಾತನ್ನೂ ಮುಗಿಸೋಕೆ ನೀನು ಬಿಡಲಿಲ್ಲ" ಅಂದಳು. ಹುಡುಗ ಅತ್ತ. ಕಣ್ಣೊರೆಸಿಕೊಂಡು, ಹೇಳಿದ್ದಕ್ಕೆ ಉಪಕಾರವಾಯಿತು ಅಂದ. ಮಂಜಿ ಸೆರಗಿನಿಂದ ಮೂಗೊರೆಸಿಕೊಂಡು, "ಪಾಪ, ಮುಖಕ್ಕೆ ಹೊಡ್ದ ಹಂಗೆ ಹೇಳ್ತಲ್ಲೋ ಅದು" ಅಂದಳು.

"ಹೇಳ್ತಲ್ಲ ಅವ್ವ. ಹೇಳ್ತಲ್ಲ" ಅಂದ ಸತೀಶ. ಅಳುತ್ತ ಕೂತ ಆ ಹುಡುಗನ ಮೇಲೆ ಅವನಿಗೆ ನಿಜವಾಗಿಯೂ ಹೊಟ್ಟೆಕಿಚ್ಚು ಹುಟ್ಟಿತ್ತು. ಬೇಡವಾದರೂ ಅವನಿಗೆ ಕಾರಣ ಸಿಕ್ಕಿತ್ತು. ಮನೆಗೆ ಹೋಗಿ ಕ್ರೀಮು, ಎಣ್ಣೆ ಅಂತ ಅವನು ಒದ್ದಾಡಬೇಕಿಲ್ಲ.

ಅಲ್ಲಿಂದ ಸತೀಶನ ತಲೆಯಲ್ಲಿ ಒಂದೇ ಹುಳ. ಯಾರಾದರೂ ಒಬ್ಬರು ತನಗೂ ಕಾರಣ ಹೇಳಬೇಕು. ಕೇಳುವುದಾದರೆ ಎಲ್ಲಿ ಕೇಳುವುದು ಅಂತ ಯೋಚಿಸಿದಾಗ ನೆನಪಾದದ್ದು ಯಲ್ಲಾಪುರದಾಚೆಯ ವಜ್ರಳ್ಳಿ. ಹೋದ ವರ್ಷ ಕೆರಿಯ ಎಂಬ ಸೋದರಮಾವ ಅವನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದ. ಮಂಡಿನೋವು ಅಂತ ಮಂಜಿ ಹೋಗಿರಲಿಲ್ಲ. ಹುಡುಗಿಯ ಹೆಸರು ಮಮತಾ, ಅಂಗನವಾಡಿಯಲ್ಲಿ ಕೆಲಸ. ಚಾ ಕೊಡುವಾಗ ಅವಳು "ಸಕ್ರೆ ಸಾಕಾ?" ಅಂತ ಕೇಳಿದ್ದಳು, ಇವನು "ಸಾಕು" ಅಂದಿದ್ದ. ಇಷ್ಟು ವರ್ಷಗಳಲ್ಲಿ, ಇಷ್ಟು ಮನೆಗಳಲ್ಲಿ, ನೋಡಲು ಹೋದ ಹೆಣ್ಣೊಬ್ಬಳು ಅವನನ್ನು ತಾನಾಗಿ ಮಾತಾಡಿಸಿದ್ದು ಅದೊಂದೇ ಸಲ. ಆ ಫೋನಿಗೆ ಅವನು ಉಳಿದೆಲ್ಲಕ್ಕಿಂತ ಹೆಚ್ಚು ದಿನ ಕಾದಿದ್ದ. ಅವಳಿಗೆ ಇನ್ನೂ ಮದುವೆಯಾಗಿಲ್ಲ ಅಂತ ಕೆರಿಯನಿಂದ ತಿಳಿದಿತ್ತು.

ಹೋಗಿ ಕೇಳಿ ಬರ್ತೆ ಅಂದಾಗ ಮಂಜಿ ಹೌಹಾರಿದಳು. "ಮಳ್ಳನಾ ನೀನು? ಬ್ಯಾಡ ಅಂದವ್ರ ಮನೆ ಬಾಗ್ಲಿಗೆ ಯಾರಾದ್ರೂ ಹೋತ್ರನಾ?"

"ಬ್ಯಾಡ ಅಂತ ಯಾರವ್ವ ಅಂದ್ರು?"

ಮಂಜಿ ಎದ್ದು ಎಮ್ಮೆಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದಳು.

ರವಿವಾರ ಬೆಳಿಗ್ಗೆ ಬೈಕು ಹತ್ತಿದ. ಶಿರಸಿಯವರೆಗೆ ಧೈರ್ಯ ಚೆನ್ನಾಗಿಯೇ ಇತ್ತು. ಯಲ್ಲಾಪುರದಲ್ಲಿ ಚಾ ಕುಡಿಯಲು ನಿಂತಾಗ ಅದು ಕೈಕೊಟ್ಟಿತು. ಪಂಪು ರಿಪೇರಿಗೆ ಬಂದವನು ಹಾಗೇ ಈ ದಾರಿಯಲ್ಲಿ ಹೋಗುತ್ತಿದ್ದೆ ಅಂತ ಒಂದು ಸುಳ್ಳು ಕಟ್ಟಿಕೊಂಡ. ಸುಳ್ಳು ಹೇಳಿ ನಿಜ ಕೇಳುವುದು ಸರಿಯಾಗಲಿಕ್ಕಿಲ್ಲ ಅಂತ ಅದನ್ನು ಚಾದಂಗಡಿಯಲ್ಲೇ ಬಿಟ್ಟು ಮುಂದೆ ಹೋದ.

ಮಮತಾಳ ಅಪ್ಪ ಹುಚ್ಚಣ್ಣ ಅಂಗಳದಲ್ಲಿ ಬೇಲಿಗೆ ಗೂಟ ಕೆತ್ತುತ್ತಿದ್ದ. ಒಬ್ಬನೇ ಬಂದ ಗಂಡನ್ನು ಗುರುತು ಹಿಡಿದು ಅವನ ಮುಖ ಬಿಗಿಯಿತು. ಕತ್ತಿ ಕೈಯಲ್ಲೇ ಇತ್ತು.

"ಜಗಳಕ್ಕೆ ಬಂದವ ಅಲ್ಲ" ಅಂದ ಸತೀಶ. "ಹೋದ ವರ್ಷ ತಿಳಿಸ್ತೇವೆ ಅಂದಿದ್ರಿ. ಎಂತಕ್ಕೆ ಬ್ಯಾಡಾಯ್ತು ಅಂತ ಕೇಳ್ಕಂಡು ಹೋಗ್ವ ಅಂತ ಬಂದೆ. ಮತ್ತೆಂತ ಇಲ್ಲ."

ಹುಚ್ಚಣ್ಣ ಕತ್ತಿ ಕೆಳಗಿಟ್ಟ. ಅವನ ಜನ್ಮದಲ್ಲಿ ಯಾರೂ ಇಂಥದ್ದು ಕೇಳಿರಲಿಲ್ಲ. "ಅದು... ಜಾತಕ ಕೂಡ್ಲಿಲ್ಲ ಮಾರಾಯ" ಅಂದ.

"ನಾವು ಜಾತಕ ಕೊಟ್ಟೇ ಇರ್ಲಿಲ್ಲ."

ಒಳಗಿನಿಂದ ಯಾರೋ ಫಕ್ಕನೆ ನಕ್ಕದ್ದು ಕೇಳಿಸಿತು. ಮರುಕ್ಷಣ ಮಮತಾ ಎರಡು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಜಗಲಿಗೆ ಬಂದಳು. ಒಂದನ್ನು ಸತೀಶನಿಗೆ ಕೊಟ್ಟು, ಇನ್ನೊಂದನ್ನು ಸರಿಯಾಗಿ ಅವನೆದುರು ಎಳೆದು ಕೂತಳು.

ಸತೀಶ ಕುರ್ಚಿ ನೋಡಿದ. "ನೀವೂ ಅದನ್ನ ನೋಡ್ತ್ರಾ?"

"ಊರೆಲ್ಲ ನೋಡ್ತದೆ, ನಾ ನೋಡ್ಬಾರ್ದಾ?" ಅಂದಳು ಮಮತಾ. "ಕಾರಣ ಬೇಕಲ್ದಾ? ಹೇಳ್ತೆ. ಬ್ಯಾಡ ಅಂದದ್ದು ಅಪ್ಪ ಅಲ್ಲ, ನಾನು. ನೀವು ಬಂದಾಗಿಂದ ಹೋಗೋ ತನಕ ನಮ್ಮನೆ ಫ್ಯಾನನ್ನೇ ನೋಡ್ತಾ ಕೂತಿದ್ರಿ. ನನ್ನ ಒಂದ್ಸಲನೂ ನೋಡ್ಲಿಲ್ಲ."

ಸತೀಶ ಕಕ್ಕಾಬಿಕ್ಕಿಯಾದ. ಕ್ರೀಮೂ ಅಲ್ಲ, ಎಣ್ಣೆಯೂ ಅಲ್ಲ, ನೌಕರಿಯೂ ಅಲ್ಲ. "ಅದ್ರ ಬೇರಿಂಗ್ ಹೋಗಿತ್ತು" ಅಂತ ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಬೇರಿಂಗ್ ಹೋದದ್ದು ಗೊತ್ತಾಯ್ತು. ನಾ ಆವತ್ತು ಯಾವ ಬಣ್ಣದ ಸೀರೆ ಉಟ್ಟಿದ್ದೆ?"

ಸತೀಶ ಯೋಚಿಸಿದ. "ಹಸಿರಾ?"

"ನಾ ಸೀರೆ ಉಟ್ಟೇ ಇರ್ಲಿಲ್ಲ."

ಹುಚ್ಚಣ್ಣ ಕೆಮ್ಮುವ ನೆಪ ಮಾಡಿಕೊಂಡು ಬೇಲಿಯ ಕಡೆ ಹೋದ. ಮಮತಾಳ ಮುಖದಲ್ಲಿದ್ದ ನಗು ಇಳಿಯಿತು. "ಯಾರದೋ ಒತ್ತಾಯಕ್ಕೆ ಬಂದವ್ರು ಅಂದ್ಕಂಡೆ. ಮನಸ್ಸಿಲ್ಲದವ್ರನ್ನ ಕಟ್ಕಂಡು ನಾ ಎಂತ ಮಾಡ್ಲಿ? ನೀವು ಹೋದ್ಮೇಲೆ ಎಷ್ಟೋ ದಿನ ಕನ್ನಡಿ ಮುಂದೆ ನಿಂತು ನೋಡ್ಕಂಡೆ. ನೋಡ್ಲಿಕ್ಕೂ ಬ್ಯಾಡ ಅನ್ನೋಷ್ಟು ನನ್ನ ಮುಖದಲ್ಲಿ ಎಂತ ಆಗಿದೆ ಅಂತ."

ಈ ಮಾತು ಸತೀಶನ ಎದೆಗೆ ಹೋಗಿ ನಾಟಿತು. ತಾನೊಬ್ಬನೇ ಕನ್ನಡಿ ಮುಂದೆ ನಿಂತವನು ಅಂತ ಅವನು ಇಷ್ಟು ವರ್ಷ ತಿಳಿದಿದ್ದ. ಹೋದ ಮನೆಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡ. ಹೆಗ್ಗರಣೆಯ ಮನೆಯ ಸುಟ್ಟ ಸ್ವಿಚ್‌ಬೋರ್ಡು ಕಣ್ಣ ಮುಂದೆ ಬಂತು. ಇನ್ನೊಂದು ಮನೆಯಲ್ಲಿ ಒಳಗೆ ಅರಚುತ್ತಿದ್ದ ಮಿಕ್ಸಿಯ ಸದ್ದು ಕಿವಿಗೆ ಬಂತು. ಒಂದೇ ಒಂದು ಹುಡುಗಿಯ ಮುಖ ನೆನಪಿಗೆ ಬರಲಿಲ್ಲ. ಅವರೆಲ್ಲ ಒಳಗೆ ಹೋಗಿ ಏನೇನು ಅಂದುಕೊಂಡರೋ. ಅವನಿಗೆ ಬಹಳ ನಾಚಿಕೆಯಾಯಿತು.

"ತಪ್ಪಾಯ್ತು" ಅಂದ. "ನಿಮ್ಮಲ್ಲಿ ಎಂತದೂ ಆಗಿಲ್ಲ. ನಂಗೆ ಹೆದ್ರಿಕೆ. ಎದುರು ಯಾರಾದ್ರೂ ಕೂತ್ರೆ ಎಲ್ಲಿ ನೋಡೂದು ಅಂತ ಗೊತ್ತಾಗೂದಿಲ್ಲ. ಮಷೀನಿದ್ರೆ ಅದನ್ನ ನೋಡ್ತೆ."

ಬಂದ ಕೆಲಸ ಮುಗಿದಿತ್ತು. ಅವನು ಏಳಹೊರಟ.

"ಕೂತ್ಕಳಿ. ನಿಮ್ದು ಆಯ್ತು, ನಂದೊಂದು ಕೇಳೂದಿದೆ" ಅಂದಳು ಮಮತಾ. "ಆವತ್ತು ನಿಮ್ಗೆ ಮನಸ್ಸಿತ್ತಾ, ಇಲ್ಲಾ?"

"ಇತ್ತು."

"ಈಗ?"

ಸತೀಶನ ಕತ್ತು ತನ್ನಷ್ಟಕ್ಕೇ ಮೇಲಕ್ಕೆ ಹೊರಟಿತು. ಅದನ್ನು ತಡೆದು ಹಿಡಿದ. ಹಿಡಿದು, ಎದುರಿಗಿದ್ದವಳ ಮುಖವನ್ನು ಮೊದಲ ಸಲ ನೋಡಿದ. ಅವಳೂ ಕಣ್ಣು ಕೆಳಗೆ ಮಾಡಲಿಲ್ಲ.

"ಈಗ್ಲೂ ಇದೆ" ಅಂದ. ಅಂದ ಮೇಲೂ ನೋಡುತ್ತಲೇ ಇದ್ದ.

"ಹಂಗಾದ್ರೆ ಬರೋ ರವಿವಾರ ಯಲ್ಲಾಪುರಕ್ಕೆ ಬನ್ನಿ. ಮಾವ, ಅವ್ವ ಯಾರೂ ಬ್ಯಾಡ. ಮಾತಾಡುವ. ಇವತ್ತೇ ನಾ ಹೂಂ ಅನ್ನೂದಿಲ್ಲ. ಸರಿ ಬರ್ಲಿಲ್ಲ ಅಂದ್ರೆ ಎದುರಿಗೇ ಹೇಳ್ತೆ, ಫೋನಿಗೆ ಕಾಯ್ಸೂದಿಲ್ಲ."

ಬೇಲಿಯ ಹತ್ತಿರ ಹುಚ್ಚಣ್ಣ ಕೆತ್ತಿ ಮುಗಿದ ಗೂಟವನ್ನೇ ಮತ್ತೆ ಕೆತ್ತುತ್ತಿದ್ದ.

ಸತೀಶ ಬಿಳಗಿ ಮುಟ್ಟುವಾಗ ಸಂಜೆ. ಮಂಜಿ ಟಿವಿ ಮುಂದೆ ಕೂತಿದ್ದಳು. ಬಂಗಲೆಯವರು ಏನೋ ಗಲಾಟೆ ಎಬ್ಬಿಸಿದ್ದರು. "ಎಂತಂದ್ರೋ? ಬೈದ್ರಾ?" ಅಂತ ಕೇಳಿದಳು.

"ಬರೋ ವಾರ ಬನ್ನಿ ಅಂದ್ಲು. ಸರಿ ಬರದಿದ್ರೆ ಎದುರಿಗೇ ಹೇಳ್ತಾಳಂತೆ."

ಮಂಜಿ ಮಗನ ಮುಖ ನೋಡಿದಳು. ಆಸೆ ಪಡಲು ಅವಳಿಗೂ ಹೆದರಿಕೆಯಿತ್ತು. ಮೆಲ್ಲಗೆ, "ಹೆಂಗಿದಾಳೋ ಹುಡುಗಿ?" ಅಂದಳು.

ಸತೀಶ ಅವ್ವನ ಪಕ್ಕ ನೆಲದ ಮೇಲೆ ಕೂತ. "ಗದ್ದದ ಮೇಲೆ ಸಣ್ಣ ಗಾಯದ ಕಲೆ ಇದೆ, ಸಣ್ಣಿರುವಾಗ ಬಿದ್ದದ್ದಿರ್ಬೇಕು. ಕಿವಿ ಹತ್ರ ಒಂದೆರಡು ಕೂದ್ಲು ಬೆಳ್ಳಗಾಗಿದೆ, ಬಣ್ಣ ಹಚ್ಚೂದಿಲ್ಲ. ನಗೂದು ಮೊದ್ಲು ಕಣ್ಣಲ್ಲಿ, ಬಾಯಿಗೆ ಆಮೇಲೆ ಬತ್ತದೆ. ದೊಡ್ಡ ಧೈರ್ಯದವಳ ಹಂಗೆ ಮಾತಾಡ್ತಾಳೆ, ಆದ್ರೆ ಮಾತು ಮುಗಿಯೋ ತನಕ ವೇಲಿನ ತುದಿ ಬೆರಳಿಗೆ ಸುತ್ತಿ ಸುತ್ತಿ ಬಿಡ್ತಾ ಇದ್ಲು. ನನ್ನ ಹಂಗೆ ಅವಳಿಗೂ ಹೆದ್ರಿಕೆ ಇತ್ತವ್ವ."

ಹುಟ್ಟಿದಾಗಿನಿಂದ ಮಗ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ಮಂಜಿ ಕೇಳಿರಲಿಲ್ಲ. ರಿಮೋಟು ಹುಡುಕಿ ಟಿವಿಯ ಸದ್ದನ್ನು ಪೂರ್ತಿ ಇಳಿಸಿದಳು.

"ಮತ್ತೆ?" ಅಂದಳು.